ಸೋಮವಾರದ ದೂರುಗಳು

ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಆಫೀಸಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರೂ ಕಂಪ್ಯೂಟರ್ ಹಚ್ಚಿ, ಪಾಸ್‌ವರ್ಡ್ ಒತ್ತಿ, ಪರದೆ ತೆರೆಯುವುದನ್ನೇ ಕಾಯುತ್ತೇವೆ. ತೆರೆದವರು ‘ಒಳಗ ಅದೀನಿ’ ಎನ್ನುತ್ತಾರೆ. ಎಲ್ಲರೂ ಹಾಗೆಂದ ಮೇಲೆಯೇ ಫ್ಯಾನು ಹಾಕುವುದು, ಚಹಾಕ್ಕೆ ಹೇಳಿ ಕಳಿಸುವುದು. ಎರಡು ವರ್ಷದ ಹಿಂದೆ ನಮ್ಮನ್ನು ಕೊಂಡುಕೊಂಡ ಹೈದರಾಬಾದಿನ ಕಂಪನಿಯವರಿಗೆ ಕೆಲಸದಿಂದ ತೆಗೆಯುವ ಮುಂಚೆ ಹೇಳುವ ಅಭ್ಯಾಸವಿಲ್ಲ. ಒಂದು ಬೆಳಗ್ಗೆ ಪಾಸ್‌ವರ್ಡ್ ಹಿಡಿಯುವುದಿಲ್ಲ, ಅಷ್ಟೆ. ನಮ್ಮಲ್ಲೇ ಹಿರಿಯನಾಗಿದ್ದ ಕೆಂಚಣ್ಣ ಅದನ್ನು ತನ್ನ ಬೆರಳಿನ ತಪ್ಪೆಂದು ತಿಳಿದು ಅರ್ಧ ಗಂಟೆ ಮತ್ತೆ ಮತ್ತೆ ಒತ್ತಿದ. ನಮಗೆಲ್ಲ ಗೊತ್ತಾಗಿತ್ತು. ಹೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಆಮೇಲೆ ಈ ‘ಒಳಗ ಅದೀನಿ’ ಶುರುವಾಯಿತು.

ನಮ್ಮ ಆಫೀಸು ಇರುವುದು ಬಳ್ಳಾರಿಯಲ್ಲಿ, ಜೀನ್ಸ್ ಪ್ಯಾಂಟು ಹೊಲಿಯುವ ಘಟಕದ ಮೇಲಿನ ಮಹಡಿಯಲ್ಲಿ. ಕೆಳಗೆ ಹೊಲಿಗೆ ಯಂತ್ರಗಳು ದಿನವಿಡೀ ಗುಂಯ್‌ಗುಡುತ್ತವೆ, ಮೇಲೆ ನಾವು ಆರು ಜನ ಕೀಲಿಮಣೆ ಕುಟ್ಟುತ್ತೇವೆ. ಮೊದಲು ಇದರ ಮೂರರಷ್ಟು ಜನ ಇದ್ದೆವು. ಸಿರುಗುಪ್ಪ, ತೆಕ್ಕಲಕೋಟೆಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಲಾರಿ ತೂಗುವ ಕಾಟಾ ಇರುತ್ತದಲ್ಲ, ಅದಕ್ಕೆ ನಮ್ಮದೊಂದು ಪ್ರೋಗ್ರಾಮು. ಲಾರಿ ಕಾಟಾದ ಮೇಲೆ ನಿಂತರೆ ತೂಕ ತಾನೇ ಓದಿಕೊಂಡು ಚೀಟಿ ಹೊರಗೆ ಬರಬೇಕು. ಅದನ್ನು ಬರೆದವನು ನಾನು, ಪ್ರದೀಪ, ಕೌಲ್ ಬಜಾರಿನವನು. ನನಗೆ ಜಂಬ ಇದೆಯೇ ಎಂದರೆ ಇದೆ. ಆರು ವರ್ಷದಲ್ಲಿ ಆ ಪ್ರೋಗ್ರಾಮು ಒಂದು ಕಿಲೋ ಆಚೀಚೆ ಮಾಡಿಲ್ಲ.

ಉಳಿದವರು ಮನೆಗೆ ಹೋದ ಮೇಲೂ ಹೊಸ ಹೊಸ ಕೋರ್ಸು ಕಲಿಯುತ್ತಿದ್ದರು, ಊರೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದರು. ನಾನು ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಆರಾಮಾಗಿದ್ದೆ. ಎಲ್ಲರೂ ನನ್ನನ್ನು ಸ್ವಾಮಿಗಳೇ ಎಂದು ಕಾಡಿಸುತ್ತಿದ್ದರು. ನನ್ನ ಸಮಾಧಾನಕ್ಕೆ ಸನ್ಯಾಸವೇನೂ ಕಾರಣವಲ್ಲ. ಮಾಡಿದ ಕೆಲಸ ಚೊಕ್ಕಟವಾಗಿದೆ ಎಂದು ಗೊತ್ತಿದ್ದರೆ ಮನುಷ್ಯನಿಗೆ ನಿದ್ದೆ ಬರುತ್ತದೆ. ತೆಗೆದರೆ ತೆಗೆಯಲಿ, ನನ್ನ ಕೆಲಸ ಸರಿಯಿಲ್ಲ ಎಂದು ಹೇಳಿ ತೆಗೆಯಲು ಯಾವನಿಗೂ ಆಗುವುದಿಲ್ಲ ಎಂದುಕೊಂಡಿದ್ದೆ.

ಆಗುತ್ತದೆ ಎಂದು ಈ ವರ್ಷ ಗೊತ್ತಾಯಿತು.

ಹೈದರಾಬಾದಿನಲ್ಲಿ ನಮ್ಮನ್ನು ನೋಡಿಕೊಳ್ಳುವವರು ಶ್ರೀಲತಾ ಮೇಡಂ. ಅವರೊಂದು ಬೋರ್ಡು ತಂದರು. ಗೋಡೆಯದಲ್ಲ, ಪರದೆಯ ಮೇಲಿನದು. ಯಾರು ಯಾವ ದಿನ ಎಷ್ಟು ಕೆಲಸ ಮಾಡಿದರು ಎಂಬುದು ಅದರಲ್ಲಿ ಹಸಿರು ಗೀಟುಗಳಾಗಿ ಏಳುತ್ತದೆ. ಗೀಟು ಗಿಡ್ಡವಾದವರ ಪಾಸ್‌ವರ್ಡ್ ಹಿಡಿಯುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬೋರ್ಡು ಬಂದ ಒಂದು ತಿಂಗಳಿಗೆ ಗಿರಣಿಗಳಿಂದ ದೂರು ಬರತೊಡಗಿದವು. ತೂಕ ತಪ್ಪು ತೋರಿಸುತ್ತದೆ, ಚೀಟಿ ಬರುವುದಿಲ್ಲ, ಪರದೆ ಕಪ್ಪಾಗುತ್ತದೆ. ವಿಚಿತ್ರವೆಂದರೆ ಎಲ್ಲವೂ ಬರುತ್ತಿದ್ದದ್ದು ಸೋಮವಾರ. ಮಂಗಳವಾರದಿಂದ ಶನಿವಾರದವರೆಗೆ ನನ್ನ ಪ್ರೋಗ್ರಾಮು ಬಂಗಾರ, ಸೋಮವಾರ ಬಂತೆಂದರೆ ಅದಕ್ಕೆ ಮೈಮೇಲೆ ಬಂದಂತೆ.

ಗಿರಣಿಯವರ ಫೋನು ಎತ್ತಿ, ಕೇಳಿದ್ದನ್ನು ಹೇಳಿಕೊಟ್ಟು, ದೂರಿದ್ದರೆ ಬರೆದುಕೊಳ್ಳುವವರು ಅಕ್ಷತಕ್ಕ. ಕುರುಗೋಡಿನವರು, ದಿನಾ ಬಸ್ಸಿಗೆ ಬಂದು ಹೋಗುತ್ತಾರೆ, ಸೋಮವಾರ ಮಾತ್ರ ಮನೆಯಿಂದಲೇ ಕೆಲಸ. ನನಗಿಂತ ಆರೇಳು ವರ್ಷ ದೊಡ್ಡವರು. ಗಿರಣಿಯವರ ಹೆಂಡತಿ ಮಕ್ಕಳ ಹೆಸರು ಸಹಿತ ಅವರಿಗೆ ಗೊತ್ತು. ದೂರುಗಳ ವಿಷಯ ಕೇಳಿದರೆ, ಏನೋ ಸಣ್ಣಪುಟ್ಟದ್ದು, ಅಲ್ಲಿಗೇ ಸರಿಯಾಯಿತು ಎಂದು ಬೇರೆ ಕಡೆ ನೋಡುತ್ತಿದ್ದರು. ನಾನು ಒಂದೊಂದು ಸಾಲನ್ನೂ ಮತ್ತೆ ಓದಿದೆ. ವಾರ ಬದಲಾಗುವಾಗ ತಪ್ಪುತ್ತದೆಯೋ, ಭಾನುವಾರ ಯಂತ್ರ ಬಂದ್ ಇಟ್ಟು ಸೋಮವಾರ ಹಚ್ಚಿದ್ದಕ್ಕೆ ಹೀಗೋ ಎಂದು ತಲೆ ಕೆರೆದುಕೊಂಡೆ. ತಪ್ಪು ಸಿಗಲಿಲ್ಲ. ಮಿರ್ಚಿ ರುಚಿ ಹತ್ತದಂತಾಯಿತು. ಗಟ್ಟಿಯಾಗಿದೆ ಎಂದು ನಂಬಿ ಕೂತಿದ್ದ ಜಾಗವೇ ಅಲುಗಾಡಿದರೆ ಮನುಷ್ಯ ಎಲ್ಲಿ ಕೂರಬೇಕು?

ಅಷ್ಟರಲ್ಲಿ ಶ್ರೀಲತಾ ಮೇಡಂ ಹೇಳಿ ಕಳಿಸಿದರು. ಇಷ್ಟು ದೂರು ಬರುವ ಪ್ರೋಗ್ರಾಮು ಇಟ್ಟುಕೊಂಡು ಉಪಯೋಗವಿಲ್ಲ, ಅದನ್ನು ತೆಗೆದು ಹೈದರಾಬಾದಿನದನ್ನು ಹಾಕುವ ವಿಚಾರವಿದೆ, ಗುರುವಾರದ ಮೀಟಿಂಗಿನಲ್ಲಿ ಪ್ರದೀಪ ಕಾರಣ ಹೇಳಬೇಕು ಎಂದು. ಪ್ರೋಗ್ರಾಮು ಹೋದರೆ ನನಗೆ ಅಲ್ಲಿ ಕೆಲಸವೇನು? ನೌಕರಿಗಿಂತ ಹೆಚ್ಚಾಗಿ, ಕೆಟ್ಟದ್ದನ್ನು ಬರೆದವನು ಎನ್ನಿಸಿಕೊಂಡು ಹೋಗಬೇಕಲ್ಲ ಎಂಬುದೇ ನನ್ನನ್ನು ಕಾಡಿತು. ಸೋಮವಾರ ಬೆಳಗ್ಗೆಯೇ ಬೈಕ್ ಹತ್ತಿ ಸಿರುಗುಪ್ಪದ ಕಡೆ ಹೊರಟೆ. ಆ ಸೋಮವಾರದ ಭೂತವನ್ನು ಕಣ್ಣಾರೆ ನೋಡಿಯೇ ಬಿಡೋಣ ಎಂದು.

ಹೆಚ್ಚು ದೂರು ಕೊಡುತ್ತಿದ್ದ ಗಿರಣಿಗೆ ಹೋದರೆ ಗೇಟು ಅರ್ಧ ಮುಚ್ಚಿತ್ತು. ಅಂಗಳದಲ್ಲಿ ಒಂದು ಲಾರಿ ಇಲ್ಲ, ಟ್ರ್ಯಾಕ್ಟರ್ ಇಲ್ಲ. ಕಾಟಾದ ಕೋಣೆಗೆ ಬೀಗ. ಬೇವಿನ ಮರದ ಕೆಳಗೆ ಕಾಟಾ ನೋಡಿಕೊಳ್ಳುವ ಪಾಲಯ್ಯ ಹಗ್ಗದ ಮಂಚದ ಮೇಲೆ ಅಂಗಾತ ಮಲಗಿ ಫೋನಿನಲ್ಲಿ ಮಾತಾಡುತ್ತಿದ್ದ.

“ಹ್ಞೂಂ ರೀ ಅಕ್ಷತಮ್ಮಾರ, ಲಾರಿ ನಿಂತೈತಿ, ತೂಕಾನ ತೋರ್ಸವಲ್ದು. ಬರಕೊಳ್ರಿ. ಇನ್ನೊಂದು ತಾಸು ಬಿಟ್ಟು ಪ್ರಿಂಟರ್ ಕೆಡಸ್ತೀನಿ.”

ನಾನು ಮಂಚದ ಪಕ್ಕವೇ ನಿಂತಿದ್ದೆ. ಅವನು ನನ್ನನ್ನು ಕಂಡು ಎದ್ದು ಕೂತ, ನಾಚಿಕೆಯೇನೂ ಪಡಲಿಲ್ಲ. ಕುಳಿತುಕೊಳ್ಳಲು ಜಾಗ ಮಾಡಿಕೊಟ್ಟು ಎಲ್ಲವನ್ನೂ ಹೇಳಿದ. ಸೋಮವಾರ ಬಸವಣ್ಣನ ವಾರ. ಸುತ್ತಲಿನ ಹಳ್ಳಿಗಳಲ್ಲಿ ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತು ಮಾರಿ ಟ್ರ್ಯಾಕ್ಟರ್ ತಂದವರೂ ಅದನ್ನು ಬಿಟ್ಟಿಲ್ಲ, ಟ್ರ್ಯಾಕ್ಟರನ್ನು ತೊಳೆದು ವಿಭೂತಿ ಹಚ್ಚಿ ನಿಲ್ಲಿಸುತ್ತಾರೆ. ಹೀಗಾಗಿ ಗಿರಣಿಗೆ ಭತ್ತ ಬರುವುದಿಲ್ಲ, ಕಾಟಾಕ್ಕೆ ಕೆಲಸವಿಲ್ಲ, ಅಕ್ಷತಕ್ಕನಿಗೆ ಫೋನಿಲ್ಲ. ಬೋರ್ಡಿನಲ್ಲಿ ಸೋಮವಾರ ಖಾಲಿ ಉಳಿಯುವುದನ್ನು ಕಂಡು ಅವರು ಹೆದರಿದ್ದಾರೆ. ಸೋಮವಾರ ಒಂದೆರಡು ಸಲ ಫೋನು ಮಾಡು ಎಂದು ಪಾಲಯ್ಯನಿಗೆ ಕೇಳಿದ್ದಾರೆ. ಪಾಲಯ್ಯ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ.

“ಆಯಮ್ಮ ನಮಗ ಎಷ್ಟು ಮಾಡ್ಯಾಳ. ಆಕಿ ನೌಕರಿ ಹೋಗತೈತಂದ್ರ ಸುಮ್ಮನಿರಾಕ ಆಗತೈತೇನ್ರಿ? ಎಲ್ಲಾ ಗಿರಣಿಯೋರಿಗೂ ನಾನ ಹೇಳೀನಿ. ಇವತ್ತು ಕಾಟಾ ಕೆಡಸೋದು ನಮ್ಮ ಪಾಳಿ, ಪ್ರಿಂಟರ್ ತೆಕ್ಕಲಕೋಟಿಯೋರದು ಇತ್ತು, ಅವರು ಮದುವಿಗೆ ಹೋಗ್ಯಾರ. ಅದಕ್ಕ ಎರಡೂ ನಾನ ಕೆಡಸಾಕತ್ತೀನಿ.”

ಪಾಳಿ ಹಚ್ಚಿಕೊಂಡು ನನ್ನ ಪ್ರೋಗ್ರಾಮನ್ನು ಕೆಡಿಸುತ್ತಿದ್ದರು! ಸಿಟ್ಟು ಬರಬೇಕಿತ್ತು. ಮೊದಲು ಬಂದದ್ದು ಸಂತೋಷ. ಪ್ರೋಗ್ರಾಮಿಗೆ ಏನೂ ಆಗಿಲ್ಲ, ಮೊದಲಿನ ಹಾಗೆಯೇ ಇದೆ. ಬೀಗ ತೆಗೆಸಿ ಕಾಟಾದ ಮೇಲೆ ನಾನೇ ನನ್ನ ಬೈಕ್ ಸಮೇತ ನಿಂತೆ. ಪಾಲಯ್ಯ ಒಳಗಿನಿಂದ ತೂಕ ಕೂಗಿ ಹೇಳಿದ. ಅದೆಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

ಸಿಟ್ಟು ಬಂದದ್ದು ದಾರಿಯಲ್ಲಿ. ಅಕ್ಷತಕ್ಕ ತನ್ನ ಗೀಟು ಎತ್ತರ ಮಾಡಿಕೊಳ್ಳಲು ನನ್ನ ಬುಡಕ್ಕೆ ಕೊಡಲಿ ಹಾಕಿದ್ದಾರೆ. ಇರುವುದನ್ನು ಇದ್ದಂತೆ ಹೇಳಿದರೆ ನಾನು ಉಳಿಯುತ್ತೇನೆ, ಅವರು ಹೋಗುತ್ತಾರೆ. ಸುಮ್ಮನಿದ್ದರೆ ಅವರು ಉಳಿಯುತ್ತಾರೆ, ನಾನು ಹೋಗುತ್ತೇನೆ. ಗುರುವಾರ ಮೀಟಿಂಗು. ಯೋಚಿಸುತ್ತಲೇ ಬಳ್ಳಾರಿಯ ದಾರಿ ಬಿಟ್ಟು ಕುರುಗೋಡಿನ ಕಡೆ ತಿರುಗಿದೆ.

ಮನೆಯ ಮುಂದೆ ಅಕ್ಷತಕ್ಕನ ಮಾವ ದೊಡ್ಡಬಸವರಾಜಪ್ಪ ಕಟ್ಟೆಯ ಮೇಲೆ ಕೂತಿದ್ದರು. ಊರದೇವರು ದೊಡ್ಡ ಬಸವಣ್ಣನಾದ್ದರಿಂದ ಕುರುಗೋಡಿನಲ್ಲಿ ಕಲ್ಲು ಹೊಡೆದರೆ ಅದೇ ಹೆಸರಿನ ಯಾರಿಗಾದರೂ ತಾಗುತ್ತದೆ. ಪಕ್ಕದಲ್ಲಿ ಮೈತೊಳೆದ ಟ್ರ್ಯಾಕ್ಟರು, ಮೂತಿಗೆ ಮೂರು ಬೆರಳಿನ ವಿಭೂತಿ, ದಾಸವಾಳದ ಹೂವು. ಹಿಂಗಾರಿನ ಕೆಲಸವಿದ್ದರೂ ನಿಲ್ಲಿಸಿದ್ದೀರಲ್ಲ, ನಷ್ಟವಾಗುವುದಿಲ್ಲವೇ ಎಂದು ಕೇಳಿದೆ. ಒಳಗಿನ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಿತ್ತು.

“ಒಂದಿನ ಬಿಟ್ಟರ ಎತ್ತು ಸಣ್ಣದಾಗತೈತೇನಪ್ಪ? ಮರುದಿನ ತಾನ ನೊಗಕ್ಕ ಕೊಳ್ಳ ಕೊಡತೈತಿ” ಎಂದು ಅವರು ಟ್ರ್ಯಾಕ್ಟರಿನ ಮೈ ಸವರಿದರು. ಅದು ಎತ್ತಲ್ಲ ಎಂದು ಹೇಳುವ ಮನಸ್ಸಾಗಲಿಲ್ಲ.

ಒಳಗೆ ಅಕ್ಷತಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಇಲ್ಲದ ದೂರಿಗೆ ಇಲ್ಲದ ಪರಿಹಾರ ಬರೆಯುತ್ತಿದ್ದರು. ಸಿರುಗುಪ್ಪಕ್ಕೆ ಹೋಗಿದ್ದೆ, ಪಾಲಯ್ಯ ಸಿಕ್ಕಿದ್ದ ಎಂದಷ್ಟೇ ಹೇಳಿದೆ. ಅವರ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ದೂರುಗಳ ಕಾರಣಕ್ಕೆ ಪ್ರೋಗ್ರಾಮನ್ನೇ ಕಿತ್ತುಹಾಕುತ್ತಾರೆ, ನಾನು ಕಾರಣ ಹೇಳಬೇಕಾಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದನ್ನೂ ಹೇಳಿದಾಗ ಅವರ ಮುಖ ನೋಡಲಾಗಲಿಲ್ಲ.

“ಇಷ್ಟಕ್ಕ ಬರತೈತಿ ಅನ್ನಾದು ತಿಳೀಲಿಲ್ಲ ಪ್ರದೀಪ” ಎಂದರು. “ಆ ಬೋರ್ಡಿನಾಗ ನನ್ನ ಸೋಮವಾರ ಬರೇ ಖಾಲಿ ಕಾಣತಿತ್ತು. ಅದನ್ನ ನೋಡಿದ್ರ ನಾನ ಇಲ್ಲ ಅನಸ್ತಿತ್ತು.”

ಬಯ್ಯಬೇಕೆಂದು ಬಂದವನು ರೊಟ್ಟಿ, ಎಣ್ಣೆಗಾಯಿ ಉಂಡು ಎದ್ದೆ. ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ, ಏನು ಹೇಳುತ್ತೀ ಎಂದು ಅವರೂ ಕೇಳಲಿಲ್ಲ.

ಗುರುವಾರ ಶ್ರೀಲತಾ ಮೇಡಂ ಪರದೆಯ ಮೇಲೆ ಬಂದರು. ಸೋಮವಾರಗಳ ಗೀಟುಗಳನ್ನೆಲ್ಲ ಸಾಲಾಗಿ ತೋರಿಸಿ, ಪ್ರದೀಪ, ಏನಿದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಇವತ್ತಿಗೂ ನನಗೆ ಗೊತ್ತಿಲ್ಲ. ಪಕ್ಕದಲ್ಲಿದ್ದ ಅಕ್ಷತಕ್ಕ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ತೆಲುಗಿನಲ್ಲಿ ಶುರು ಮಾಡಿದರು. ಎತ್ತು ಹೂಡದ ಸೋಮವಾರ, ಬಾರದ ಭತ್ತ, ಪಾಲಯ್ಯನ ಪಾಳಿ, ಯಾವುದನ್ನೂ ಬಿಡಲಿಲ್ಲ. ತಮ್ಮ ಹೆದರಿಕೆಯನ್ನೂ ಬಿಡಲಿಲ್ಲ. ಪ್ರೋಗ್ರಾಮು ಕೆಟ್ಟಿಲ್ಲ ಮೇಡಂ, ಕೆಟ್ಟದ್ದು ನನ್ನ ಧೈರ್ಯ ಎಂದು ಮುಗಿಸಿದರು. ಕೆಳಗಿನ ಹೊಲಿಗೆ ಯಂತ್ರಗಳ ಸದ್ದು ಕೋಣೆ ತುಂಬ ಕೇಳುತ್ತಿತ್ತು. ನನಗೆ ಕಣ್ಣು ತುಂಬಿ ಬಂತು, ಫ್ಯಾನಿನ ಕಡೆ ನೋಡಿದೆ.

ಶ್ರೀಲತಾ ಮೇಡಂ ಪರದೆಯ ಮೇಲಿನ ಗೀಟುಗಳನ್ನು ಮುಚ್ಚಿದರು. ಬಯ್ಗುಳಕ್ಕೆ ನಾವೆಲ್ಲ ಮೈ ಗಟ್ಟಿ ಮಾಡಿಕೊಂಡು ಕೂತಿದ್ದೆವು. ಅವರೂ ಇಂಗ್ಲಿಷ್ ಬಿಟ್ಟು ತೆಲುಗಿಗೆ ಇಳಿದರು.

“ನಾಕೂ ಒಕ ಬೋರ್ಡು ಉಂದಿ, ಅಕ್ಷತಗಾರು.”

ನನಗೂ ಒಂದು ಬೋರ್ಡು ಇದೆ. ಅಷ್ಟು ಹೇಳಿ ಪರದೆಯಿಂದ ಹೋದರು.

ಮರುದಿನ ಬೆಳಗ್ಗೆ ಎಲ್ಲರ ಕಿವಿಯೂ ಅಕ್ಷತಕ್ಕನ ಮೇಜಿನ ಕಡೆಗಿತ್ತು. ಅವರು ಪಾಸ್‌ವರ್ಡ್ ಒತ್ತುವ ಮುಂಚೆ ನೀರಿನ ಬಾಟಲಿ, ಊಟದ ಡಬ್ಬಿ ಚೀಲಕ್ಕೆ ಹಾಕಿಟ್ಟುಕೊಂಡಿದ್ದರು. ಪರದೆ ತಿರುಗಿತು, ತಿರುಗಿತು, ತೆರೆಯಿತು. ‘ಒಳಗ ಅದೀನಿ’ ಎಂದರು, ಯಾವತ್ತಿನ ಧ್ವನಿಯಲ್ಲೇ. ನಾನೇ ಎದ್ದು ಫ್ಯಾನು ಹಾಕಿದೆ. ಪ್ರೋಗ್ರಾಮು ತೆಗೆಯುವ ಮಾತು ಮತ್ತೆ ಬರಲಿಲ್ಲ. ಎರಡು ವಾರಕ್ಕೆ ಬೋರ್ಡಿನಲ್ಲಿ ಅಕ್ಷತಕ್ಕನ ಸೋಮವಾರಕ್ಕೆ ಬೂದುಬಣ್ಣ ಬಂತು, ರಜೆಯ ದಿನಗಳಿಗೆ ಇರುವ ಬಣ್ಣ. ಯಾರು ಹಚ್ಚಿದರೆಂದು ಕೇಳಬೇಕಾಗಿರಲಿಲ್ಲ.

ಸೋಮವಾರ ಪಾಲಯ್ಯನ ಫೋನು ಮಾತ್ರ ನಿಲ್ಲಲಿಲ್ಲ. ದೂರು ಹೇಳುವುದು ಬೇಡ ಎಂದರೆ, ದೂರಿಲ್ಲ ರೀ, ಒಳಗದೀರೋ ಹೊರಗೋ ಕೇಳಾಕ ಮಾಡಿದೆ ಎನ್ನುತ್ತಾನೆ. ಇವತ್ತಿಗೆ ಒಳಗ ಅದೀನಿ ಎಂದು ಅಕ್ಷತಕ್ಕ ಹೇಳುತ್ತಾರೆ. ಸುಖವಾಗಿ ಹೇಳುತ್ತಾರೆ. ಮೊದಲಿನ ಹಾಗೆ ನಾಳೆಯ ಚಿಂತೆ ಆ ಮಾತಿನಲ್ಲಿಲ್ಲ. ನಾನೂ ಮತ್ತೆ ಮಿರ್ಚಿಯ ಅಂಗಡಿಗೆ ಹೋಗುತ್ತಿದ್ದೇನೆ, ಈಗ ಅಕ್ಷತಕ್ಕನೂ ಬಸ್ಸಿಗೆ ಮುಂಚೆ ಒಂದು ಪ್ಲೇಟು ತಿಂದೇ ಹೊರಡುತ್ತಾರೆ.

ಮೂರು ತಿಂಗಳು ಕಳೆದಿರಬಹುದು, ಒಂದು ಗುರುವಾರ ಪರದೆಯ ಮೇಲೆ ಬೇರೆ ಮುಖ ಬಂತು. ಯಾರೋ ಹುಡುಗ, ಇನ್ನು ಮೇಲೆ ನಿಮ್ಮನ್ನು ನೋಡಿಕೊಳ್ಳುವವನು ನಾನೇ ಎಂದ. ಶ್ರೀಲತಾ ಮೇಡಂ ಎಲ್ಲಿ ಎಂದರೆ ಅವನಿಗೆ ಆ ಹೆಸರೇ ಹೊಸದು. ಅವರ ಪಾಸ್‌ವರ್ಡ್ ಒಂದು ಬೆಳಗ್ಗೆ ಹಿಡಿದಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಮುಂದಿನ ಸೋಮವಾರ ಏನೋ ಕೆಲಸಕ್ಕೆ ಕುರುಗೋಡಿನ ಆ ಮನೆಗೆ ಹೋಗಿದ್ದೆ. ಹೊರಗೆ ವಿಭೂತಿ ಹಚ್ಚಿದ ಟ್ರ್ಯಾಕ್ಟರು ನಿಂತಿತ್ತು. ಅಕ್ಷತಕ್ಕ ಕಟ್ಟೆಯ ಮೇಲೆ ಕೂತು ಯಾರ ಹತ್ತಿರವೋ ಹುಡುಕಿ ತರಿಸಿಕೊಂಡಿದ್ದ ನಂಬರನ್ನು ತಮ್ಮ ಸ್ವಂತ ಫೋನಿನಿಂದ ಒತ್ತುತ್ತಿದ್ದರು. ಆಚೆ ಬಹಳ ಹೊತ್ತು ರಿಂಗಾಯಿತು. ಯಾರೋ ಎತ್ತಿದರು.

“ಶ್ರೀಲತಾಗಾರು, ನಾನು ಬಳ್ಳಾರಿ ಅಕ್ಷತಾ” ಎಂದರು ಅಕ್ಷತಕ್ಕ. “ದೂರು ಏನೂ ಇಲ್ರಿ. ಇವತ್ತು ಸೋಮವಾರ ಅಲ್ಲೇನ್ರಿ, ಅದಕ್ಕ ಮಾಡಿದೆ.”

ಅವಸರದಲ್ಲಿ ತೆಲುಗು ಮರೆತು ಕನ್ನಡದಲ್ಲೇ ಹೇಳಿಬಿಟ್ಟಿದ್ದರು. ಆಚೆಯವರಿಗೆ ಅರ್ಥವಾಗಿರಬೇಕು, ಮಾತು ಬಹಳ ಹೊತ್ತು ನಡೆಯಿತು. ನಾನು ದೊಡ್ಡಬಸವರಾಜಪ್ಪನವರ ಜೊತೆ ಚಹಾ ಕುಡಿಯುತ್ತ ಕೂತೆ.