ಕ್ಲಿಕ್ ಆದ ಮೇಲೂ ತಿರುಗಬೇಕು

ಸ್ಟುಡಿಯೋದಲ್ಲಿ ಕೂತವರಿಗೆ "ಅಲ್ಲಾಡಬೇಡಿ" ಎಂದು ಹೇಳಿಯೇ ಅಕ್ಕನ ಅರ್ಧ ಆಯಸ್ಸು ಕಳೆದಿತ್ತು. ಪಾಸ್‌ಪೋರ್ಟ್ ಫೋಟೋ ತೆಗೆಯುವಾಗ ತಾನೂ ಉಸಿರು ಬಿಗಿಹಿಡಿದು, ಕಲ್ಲಾಗಿ ನಿಂತು ಗುಂಡಿ ಒತ್ತುವವಳು ಅವಳು. ಆ ಹಾಳು ಅಭ್ಯಾಸ ರೇಸ್ ಟ್ರ್ಯಾಕಿಗೂ ಬೆನ್ನುಹತ್ತಿ ಬಂದಿತ್ತು. ತಮ್ಮನ ಕೆಂಪು ರೇಸ್ ಬೈಕು ತಿರುವಿಗೆ ಬರುವವರೆಗೆ ಕ್ಯಾಮೆರಾ ಅದರ ಜೊತೆಜೊತೆಗೇ ತಿರುಗುತ್ತಿತ್ತು. ಬೆರಳು ಒತ್ತಿದ್ದೇ ತಡ, ಕೈ ಗಕ್ಕನೆ ನಿಂತುಬಿಡುತ್ತಿತ್ತು. ಫೋಟೋದಲ್ಲಿ ತಮ್ಮ ಬರೀ ಕೆಂಪು ಗೀಟು.

"ಕ್ಲಿಕ್ ಆದ್ಮೇಲೂ ತಿರುಗ್ತಾ ಇರಮ್ಮ" ಎಂದು, ಓಡುವ ಬೈಕಿನ ಫೋಟೋ ತೆಗೆಯುವುದನ್ನು ಅವಳಿಗೆ ಕಲಿಸುತ್ತಿದ್ದ ಮಾಸ್ತರು ಇಡೀ ಸೀಸನ್ ಹೇಳಿ ಹೇಳಿ ಸುಸ್ತಾಗಿದ್ದರು. ಅವಳು ಶಟರ್ ವೇಗ ಏರಿಸಿದಳು. ಗೀಟು ಹೋಯಿತು, ಆದರೆ ಬೈಕು ನಿಂತೇ ಇದೆಯೇನೋ ಎಂಬಂತೆ ಟೈರಿನ ಮೇಲಿನ ಅಕ್ಷರವನ್ನೂ ಓದುವಂತಾಯಿತು. ತಮ್ಮ ಬಿದ್ದು ಬಿದ್ದು ನಕ್ಕ. "ಪೆಟ್ರೋಲ್ ಬಂಕಲ್ಲಿ ಕ್ಯೂ ನಿಂತ ಹಾಗಿದೀನಲ್ಲಕ್ಕ."

ಇಂದು ಅವನ ಕೊನೆಯ ರೇಸು. ಮೊಣಕಾಲು ಸೋತಿತ್ತು, ನಾಳೆಯಿಂದ ಅವನು ಬರೀ ಮೆಕ್ಯಾನಿಕ್. ಬೈಕಿನ ಮೇಲೆ ಅವನು ಹೇಗಿರುತ್ತಿದ್ದ ಎಂದು ತೋರಿಸುವ ಒಂದಾದರೂ ಫೋಟೋ ತನ್ನ ಕೈಯಿಂದಲೇ ಆಗಬೇಕೆಂಬ ಹಟ ಅಕ್ಕನಿಗೆ. ಅಮ್ಮ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿದವಳು ಅವಳೇ.

ಬೆಳಗಿನಿಂದ ಬಿಸಿಲಲ್ಲಿ ನಿಂತು ಸೊಂಟ ಬಿದ್ದುಹೋಗಿತ್ತು, ಭುಜ ಮರಗಟ್ಟಿತ್ತು, ಕಿವಿ ಗುಂಯ್ ಎನ್ನುತ್ತಿತ್ತು. ಸುತ್ತಿನ ಮೇಲೆ ಸುತ್ತು ಬರೀ ಗೀಟು. ಕೊನೆಯ ಸುತ್ತಿನ ಹೊತ್ತಿಗೆ ಹಟವೂ ಸತ್ತು, ಆದದ್ದಾಗಲಿ ಎಂದು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಳು. ಕೆಂಪು ಬೈಕು ಬಂತು. ಕೈ ತನ್ನಷ್ಟಕ್ಕೆ ತಿರುಗಿತು, ಕ್ಲಿಕ್ ಆಯಿತು, ಆಮೇಲೂ ತಿರುಗಿತು. ದಣಿದ ಕೈಗೆ ನಿಲ್ಲುವುದೂ ನೆನಪಾಗಲಿಲ್ಲ. ಬೈಕು ಹೋದಲ್ಲೆಲ್ಲ ಕಣ್ಣು, ಬೆರಳು ಎರಡೂ ಹೋದವು.

ಕ್ಯಾಮೆರಾ ಇಳಿಸಿದಾಗ ಬೈಕು ಹುಲ್ಲಿನ ಮೇಲೆ ಅಡ್ಡಬಿದ್ದಿತ್ತು. ತಮ್ಮ ದೂರದಲ್ಲಿ, ತಿರುವಿನಲ್ಲೇ, ಮಣಿಕಟ್ಟು ಹಿಡಿದುಕೊಂಡು ಕೂತಿದ್ದ. ಆಗಲೇ ಇಬ್ಬರು ಸಿಬ್ಬಂದಿ ಓಡಿಬಂದು ಅವನ ಪಕ್ಕ ನಿಂತಿದ್ದರು.

ಮಾಸ್ತರು ಕ್ಯಾಮೆರಾದ ಪರದೆಗೆ ಕಣ್ಣು ಹಾಯಿಸಿ, "ಬಂತಲ್ಲಮ್ಮ!" ಎಂದವರು ಪರದೆಯನ್ನು ಅವಳತ್ತ ತಿರುಗಿಸಿದರು. ಹಿಂದಿನ ಬೇಲಿ ಕಲಸಿಹೋಗಿತ್ತು. ಮಗ್ಗುಲಾಗಿ ಜಾರುತ್ತಿದ್ದ ಬೈಕು ಮಾತ್ರ ಅಚ್ಚುಕಟ್ಟಾಗಿ ಮೂಡಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ಡಾಕ್ಟರ ಕೋಣೆಯಲ್ಲಿ ತಮ್ಮ ಬ್ಯಾಂಡೇಜು ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಆ ಫೋಟೋವನ್ನು ಬಹಳ ಹೊತ್ತು ನೋಡಿದ.

"ಚೆನ್ನಾಗಿ ಬಂದಿದೆ ಅಕ್ಕ," ಎಂದ. ಆಮೇಲೆ ಮೆಲ್ಲಗೆ ಕೇಳಿದ, "ನಾನು ಬಿದ್ದಿದ್ದು ನೀನು ನೋಡ್ಲೇ ಇಲ್ವಾ?"

ಸುಳ್ಳು ಹೇಳೋಣವೆಂದು ಅಕ್ಕ ಬಾಯಿ ತೆರೆದಳು. ಅವನ ಬ್ಯಾಂಡೇಜಿನ ಕೈ ಕಂಡು ನಾಚಿಕೆಯಾಯಿತು.

"ಇಲ್ಲ ಕಣೋ," ಎಂದಳು.