ಕುರ್ಚಿಯಲ್ಲಿ ಕೂತ ಅಪ್ಪನ ಎರಡು ಫೋಟೋ

ಅಪ್ಪ ಸತ್ತ ಸುದ್ದಿ ತಂದವನು ನನ್ನನ್ನು ಮೊದಲು ಕೇಳಿದ್ದು, ಕ್ಯಾಮರಾದಲ್ಲಿ ರೋಲು ಇದೆಯಾ ಅಂತ.

ಬೆಳಿಗ್ಗೆ ಒಂಬತ್ತು ಗಂಟೆ. ನಾಗಲ್‌ನಗರದ ಬೀಗದ ಶೆಡ್ಡಿನಲ್ಲಿ ಕೂತು ಕೀಲಿಕೈಗೆ ಅರ ಉಜ್ಜುತ್ತಿದ್ದೆ. ಮಾಯಾಂಡಿ ಮಾಮ ಸೈಕಲ್ಲಿನಿಂದ ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೆ ಊರಿ ಬಾಗಿಲಲ್ಲೇ ನಿಂತ.

"ರೋಲು ಇದೆಯೇನೋ ಕಾತಾ?"

"ಹೊಸದು ಹಾಕಿದೀನಿ ಮಾಮ. ಮೂರೋ ನಾಕೋ ಹೊಡ್ದಿರಬೇಕು. ಯಾರ ಮನೇಲಿ?"

"ನಮ್ಮನೇಲೇ. ನಿಮ್ಮಪ್ಪ. ಬೆಳಗಾಗ್ತಿದ್ದ ಹಾಗೆ ಎದೆ ಹಿಡ್ಕೊಂಡ್ರು, ಹೋಗ್ಬಿಟ್ರು. ಆ ಸ್ಟುಡಿಯೋದವನು ಮದ್ವೆ ಮುಹೂರ್ತ ಇದೆ ಅಂತ ನತ್ತಂ ಊರಿಗೆ ಹೋಗಿ ಕೂತಿದಾನೆ. ಹತ್ತೂವರೆಗೆ ಬಂದ್ಬಿಡು. ಫ್ಲ್ಯಾಶಿಗೆ ಹೊಸ ಸೆಲ್ಲು ಹಾಕ್ಕೊಂಡು ಬಾ, ಆಮೇಲೆ ಅಲ್ಲಿ ಕತ್ತಲೆ ಕತ್ತಲೆ ಅನ್ಬೇಡ."

ಹೇಳಿ ಪೆಡಲು ತುಳಿದು ಹೋದ. ಅರ್ಧ ಉಜ್ಜಿದ ಕೀಲಿಕೈ ಬಿಟ್ಟು ಎದ್ದರೆ ಮಾಲೀಕ ಬಯ್ಯುತ್ತಾನೆ. ಉಜ್ಜಿ ಮುಗಿಸಿದೆ. ನೋಡಿದರೆ ಅದು ಯಾವ ಬೀಗಕ್ಕೂ ಕೂರದಷ್ಟು ಸವೆದುಹೋಗಿತ್ತು.

ಮಾಯಾಂಡಿ ನನ್ನ ಅಪ್ಪನ ಮೊದಲ ಹೆಂಡತಿಯ ತಮ್ಮ. ಆ ಮೊದಲ ಹೆಂಡತಿ ಪೇಚ್ಚಿಯಮ್ಮಾಳ್. ನಾನು ಆಕೆಯನ್ನು ಪೆರಿಯಮ್ಮ ಅನ್ನಬೇಕು, ಅಂದರೆ ದೊಡ್ಡಮ್ಮ. ನನ್ನ ಅಮ್ಮ ತವಮಣಿ ಎರಡನೆಯವಳು. ಅಪ್ಪ ವಾರದಲ್ಲಿ ನಾಲ್ಕು ದಿನ ಅಲ್ಲಿ, ಮೂರು ದಿನ ಇಲ್ಲಿ ಇರಬೇಕು ಅಂತ ಲೆಕ್ಕ. ಇಲ್ಲಿಯ ಮೂರರಲ್ಲಿ ಒಂದು ದಿನ ಹೊಟ್ಟೆನೋವು ಬರುತ್ತಿತ್ತು, ಅಲ್ಲಿಗೇ ಹೋಗುತ್ತಿದ್ದರು. ಎರಡು ಮನೆಗೂ ನಡುವೆ ಒಂದು ಬಸ್ ಸ್ಟಾಪಿನಷ್ಟು ದೂರ. ದಿಂಡಿಗಲ್ಲಿನಲ್ಲಿ ಇದು ಗೊತ್ತಿಲ್ಲದವರಿರಲಿಲ್ಲ. ಗೊತ್ತಿದೆ ಅಂತ ಹೇಳುವವರೂ ಇರಲಿಲ್ಲ.

ನಮ್ಮ ಓಣಿಯಲ್ಲಿ ಕ್ಯಾಮರಾ ಇದ್ದದ್ದು ನನ್ನ ಹತ್ತಿರ ಮಾತ್ರ. ಸಿಂಗಪುರದಿಂದ ವಾಪಸಾದ ಒಬ್ಬ ಮಾರಿದ್ದ. ಸ್ಟುಡಿಯೋದವನು ಅದನ್ನು ಸೋಪಿನ ಡಬ್ಬಿ ಅನ್ನುತ್ತಿದ್ದ. ಅದರಲ್ಲಿ ಕಲಿಯಬೇಕಾದದ್ದು ಏನೂ ಇಲ್ಲ. ನೋಡಲು ಒಂದು ಪುಟ್ಟ ಕಿಂಡಿ, ಒತ್ತಲು ಒಂದು ಗುಂಡಿ. ಫ್ಲ್ಯಾಶನ್ನು ಮೇಲೆತ್ತಿದರೆ ಸೊಳ್ಳೆಯ ಹಾಗೆ ಸಣ್ಣಗೆ ಕೂಗುತ್ತದೆ. ಕೂಗು ನಿಂತು ದೀಪ ಹತ್ತಿದ ಮೇಲೆ ಒತ್ತಬೇಕು. ಜರ್ರ್ ಅಂತ ತಾನೇ ರೀಲು ಸುತ್ತಿಕೊಳ್ಳುತ್ತದೆ. ಸ್ಟುಡಿಯೋದವನನ್ನು ಕರೆಸಲಾಗದವರು ನನ್ನನ್ನು ಕರೆಯುತ್ತಿದ್ದರು. ಕಿವಿ ಚುಚ್ಚುವುದು, ಹುಡುಗಿ ದೊಡ್ಡವಳಾದದ್ದು, ಸಾವು.

ಎರಡು ವರ್ಷದಿಂದ ಆ ಕ್ಯಾಮರಾ ನಮ್ಮ ಮನೆಯಲ್ಲಿತ್ತು. ಎರಡು ವರ್ಷವೂ ಅಪ್ಪ ಅದಕ್ಕೆ ಸಿಗಲಿಲ್ಲ. ನಾನು ಎತ್ತಿದ ತಕ್ಷಣ "ಇರು, ತಲೆ ಬಾಚ್ಕೊಂಡು ಬರ್ತೀನಿ" ಅಂತ ಎದ್ದು, ಹಿತ್ತಿಲ ಬಾಗಿಲಿಂದ ಹೊರಟು, ಸೀದಾ ಆ ಮನೆಗೆ ಹೋಗಿಬಿಡುತ್ತಿದ್ದರು. ಬಾಚಲು ಅವರಿಗೆ ಕೂದಲೂ ಇರಲಿಲ್ಲ.

ನಮ್ಮಲ್ಲಿ ಯಾರಾದರೂ ಮನೆಗೆ ಬಂದರೆ ಚೊಂಬು ನೀರು ಕುಡಿದು ಗೋಡೆ ನೋಡುತ್ತಾರೆ. ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನು ಗೋಡೆ ಹೇಳುತ್ತದೆ. ನಮ್ಮ ಗೋಡೆಯ ಮೇಲೆ ಮುರುಗನ್ ಇದ್ದ, ಅಕ್ಕಿ ಗಿರಣಿಯ ಕ್ಯಾಲೆಂಡರ್ ಇತ್ತು, ಮೂರನೇ ಕ್ಲಾಸಿನ ನಾನಿದ್ದೆ. ಬಂದವರು ನೋಡಿ, "ಮತ್ತೆ ಯಜಮಾನ್ರು?" ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅಮ್ಮ ಅದಕ್ಕೆ "ಈಗ ಬರ್ತಾರೆ" ಅಂದಿದ್ದಾಳೆ.

ನಾನು ಮನೆಗೆ ಹೋದಾಗ ಸೊಪ್ಪು ಮಾರುವವಳಿಂದ ಅಮ್ಮನಿಗೆ ಸುದ್ದಿ ಮುಟ್ಟಿತ್ತು. ಸೀರೆ ಉಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಅತ್ತಿದ್ದು ಮುಗಿದಿತ್ತೋ, ಇನ್ನೂ ಶುರುವಾಗಿರಲಿಲ್ಲವೋ ತಿಳಿಯಲಿಲ್ಲ.

"ಫೋಟೋಗೆ ಕರೆದ್ರಾ?" ಅಂದಳು.

"ಹ್ಞೂಂ."

"ಅವರ ಪಕ್ಕ ನಾನೂ ಒಂದ್ರಲ್ಲಿ ನಿಲ್ಬಹುದಾ ಅಂತ ಕೇಳು. ಒಂದೇ ಒಂದು. ಮೂಲೇಲಾದ್ರೂ ಸರಿ."

"ಕೇಳೋದೇನಮ್ಮಾ? ತಾಳಿ ಕಟ್ಟಿಲ್ವಾ ನಿಂಗೆ?"

"ಕೇಳು. ಜಗಳ ಆಡ್ಬೇಡ. ಇವತ್ತು ಬಿಟ್ರೆ ಇನ್ನ್ ಯಾವತ್ತು ಸಿಗ್ತಾರೆ ಅವರು?"

ಅದು ನಿಜ. ಇವತ್ತು ಅಪ್ಪ ತಲೆ ಬಾಚಿಕೊಳ್ಳಲು ಎದ್ದು ಹೋಗುವಂತಿರಲಿಲ್ಲ.

ಆ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬೀದಿಯ ಕೊನೆಯಲ್ಲಿ ತಮಟೆಯವರು ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದರು. ಅಪ್ಪನನ್ನು ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿದ್ದರು. ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ, ಹಣೆಗೆ ನಾಣ್ಯ. ಮುಂದಕ್ಕೆ ಬೀಳದ ಹಾಗೆ ಹೊಟ್ಟೆಯ ಮೇಲಿಂದ ಕುರ್ಚಿಯ ಬೆನ್ನಿಗೆ ಟವಲು ಬಿಗಿದು, ಅದು ಕಾಣದ ಹಾಗೆ ಹಾರ ಹಾಕಿದ್ದರು. ಬದುಕಿದ್ದಾಗ ಅಪ್ಪ ಇಷ್ಟು ನೆಟ್ಟಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಪೆರಿಯಮ್ಮನ ಕುಂಕುಮ ಅಳಿಸುವ ಮೊದಲೇ ಫೋಟೋ ಆಗಬೇಕು. ಹಾಗಾಗಿ ಎಲ್ಲರಿಗೂ ಅವಸರ.

ಅಮ್ಮ ಶಾಮಿಯಾನದ ಕಂಬದಾಚೆ, ಬೀದಿಯ ಕಡೆಯ ಹೆಂಗಸರ ಜೊತೆ ಕೂತಳು. ಅಲ್ಲಿಂದ ಒಳಗೆ ಬಾ ಅಂತ ಯಾರೂ ಕರೆಯಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ.

ಮಾಯಾಂಡಿ ಎಲ್ಲರನ್ನೂ ಜೋಡಿಸುತ್ತಿದ್ದ. "ಅಕ್ಕಂಗೆ ಬಲಗಡೆ ಒಂದು ಕುರ್ಚಿ ಹಾಕ್ರೋ. ರಾಜಾಂಗಂ, ನೀನು ಹಿರೀ ಮಗ, ಹಿಂದೆ ಮಧ್ಯದಲ್ಲಿ ನಿಲ್ಲು. ನಿನ್ನ ಹೆಂಡ್ತಿ ಎಲ್ಲಿ? ಮಗೂಗೆ ಮೂಗು ಒರ್ಸಮ್ಮಾ. ಏಯ್, ನೀನ್ಯಾರೋ? ಪಕ್ಕದ್ಮನೆಯವನಾ? ಆಚೆ ನಡಿ."

ನಾನು ಫ್ಲ್ಯಾಶ್ ಎತ್ತಿದೆ. ಅದು ಕೂಗಲು ಶುರು ಮಾಡಿದ ಕೂಡಲೇ ಎಲ್ಲರ ಅಳು ನಿಂತಿತು. ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದ ಹೆಂಗಸರು ಕೂಡ ಅರ್ಧ ಸಾಲಿನಲ್ಲಿ ಬಾಯಿ ಮುಚ್ಚಿದರು.

"ಭಾವ ಏನೂ ಕಣ್ಣು ಮಿಟುಕಿಸಲ್ಲ," ಅಂದ ಮಾಯಾಂಡಿ. "ನೀವು ಮಿಟುಕಿಸ್ಬೇಡಿ."

ಒತ್ತಿದೆ. ಬೆಳಕು ಹೊಡೆಯಿತು. ಜರ್ರ್ ಅಂತು. ಹೆಂಗಸರು ಉಳಿದರ್ಧ ಸಾಲು ಎತ್ತಿಕೊಂಡರು.

"ಮಾಮ, ಒಂದ್ ನಿಮಿಷ," ಅಂದೆ. "ಅಮ್ಮನೂ ನಾನೂ ಇರೋದು ಒಂದು."

"ಯಾವುದು?"

"ಅಪ್ಪನ ಜೊತೆ. ಒಂದೇ ಒಂದು. ಮೂಲೇಲಿ ನಿಲ್ತೀವಿ."

ಅವನು ಸುತ್ತ ನಿಂತವರನ್ನೆಲ್ಲ ನೋಡಿ ಅವರಿಗೂ ಕೇಳುವ ಹಾಗೆ ಹೇಳಿದ. "ಕೇಳಿದ್ರಾ? ಫೋಟೋ ಹೊಡೆಯೋನಿಗೆ ಫೋಟೋದಲ್ಲಿ ಇರ್ಬೇಕಂತೆ. ಏಯ್, ಮದ್ವೆ ಮಾಡ್ಸೋ ಅಯ್ಯರು ತಾನೇ ತಾಳಿ ಕಟ್ತಾನೇನೋ? ನಿಮ್ಮಮ್ಮ ಬಂದು ಮುಖ ನೋಡ್ಕೊಂಡು ಹೋಗ್ಲಿ ಅಂತ ಬಿಟ್ಟಿದೀವಲ್ಲ, ಅದನ್ನ ಉಳಿಸ್ಕೋ."

ಯಾರೋ ನಕ್ಕರು. ಸಾವಿನ ಮನೆ ಅಂತ ನೆನಪಾಗಿ ಕೆಮ್ಮಿದರು. ಕ್ಯಾಮರಾವನ್ನು ಅವನ ಹಲ್ಲಿಗೆ ಬೀಸಿ ಹೊಡೆಯಬಹುದಿತ್ತು. ಆದರೆ ಅದರೊಳಗೆ ಈಗ ಅಪ್ಪ ಇದ್ದರು.

"ಇನ್ನೊಂದು ಹೊಡಿ," ಅಂದ ಮಾಯಾಂಡಿ. "ಒಂದು ಕೆಟ್ರೆ ಇನ್ನೊಂದು ಇರ್ಲಿ."

ಆ ಕ್ಯಾಮರಾದ ಮುಖದಲ್ಲಿ ಇನ್ನೊಂದು ಸಣ್ಣ ಗುಂಡಿ ಇತ್ತು. ಅದನ್ನು ಒತ್ತಿದರೆ ಕೆಂಪು ದೀಪ ಹತ್ತು ಸೆಕೆಂಡು ಮಿಣುಕಿ, ಆಮೇಲೆ ತಾನೇ ಫೋಟೋ ಹೊಡೆದುಕೊಳ್ಳುತ್ತದೆ. ಯಾರೂ ಜೊತೆಯಿಲ್ಲದವರಿಗೆ ಮಾಡಿದ್ದಿರಬೇಕು. ನಮ್ಮಲ್ಲಿ ಜನ ಇಲ್ಲದ ಜಾಗವೇ ಇಲ್ಲ. ಹಾಗಾಗಿ ನಾನದನ್ನು ಬಳಸಿಯೇ ಇರಲಿಲ್ಲ.

"ಈ ಸಲ ಕೈಯಲ್ಲಿ ಹಿಡಿಯಲ್ಲ ಮಾಮ, ಕೈ ನಡುಗ್ತಿದೆ. ಕುರ್ಚಿ ಮೇಲೆ ಇಡ್ತೀನಿ. ಕೆಂಪು ದೀಪ ಮಿಣುಕುತ್ತೆ. ಬೆಳಕು ಹೊಡೆಯೋವರೆಗೂ ಯಾರೂ ಅಲ್ಲಾಡ್ಬಾರ್ದು. ಅಲ್ಲಾಡಿದ್ರೆ ಮುಖ ದೆವ್ವದ ಥರ ಬರುತ್ತೆ. ಸತ್ತೋರ ಫೋಟೋದಲ್ಲಿ ಹಾಗೆ ಬಂದ್ರೆ, ಮುಂದಿನದು ಅವರದೇ ಅಂತಾರೆ."

ಹಾಗಂತ ಯಾರೂ ಅನ್ನುವುದಿಲ್ಲ. ನಾನು ಆಗಷ್ಟೇ ಕಟ್ಟಿದ ಮಾತು. ಆದರೆ ಮಾಯಾಂಡಿ ಅದನ್ನು ತನ್ನದೇ ಮಾತೆಂಬಂತೆ ಕೂಗಿ ಹೇಳಿದ. "ಕೇಳಿಸ್ತಾ? ಅಲ್ಲಾಡಿದೋರ ಕಾಲು ಮುರೀತೀನಿ!" ಆಮೇಲೆ ತಾನೂ ರಾಜಾಂಗಂ ಪಕ್ಕ ನಿಂತು ಉಸಿರು ಕಟ್ಟಿದ.

ಎದುರಿಗೆ ಒಂದು ಖಾಲಿ ಕುರ್ಚಿ ಎಳೆದು ಅದರ ಸೀಟಿನ ಮೇಲೆ ಕ್ಯಾಮರಾ ಇಟ್ಟೆ. ಕಿಂಡಿಯಲ್ಲಿ ನೋಡಬೇಕಾದರೆ ಕೆನ್ನೆಯನ್ನು ಸೀಟಿಗೆ ಒತ್ತಬೇಕಿತ್ತು, ನೋಡಲಿಲ್ಲ. ಗುಂಡಿ ಒತ್ತಿ ಹಿಂದೆ ತಿರುಗಿದೆ.

ಕಂಬದವರೆಗೆ ನಾಲ್ಕು ಹೆಜ್ಜೆ. ಅಮ್ಮನ ರಟ್ಟೆ ಹಿಡಿದು ಎಬ್ಬಿಸಿದೆ. "ಏನೋ, ಏನೋ" ಅಂದಳು. ಎಳೆದುಕೊಂಡು ಬಂದೆ. ಎಲ್ಲರೂ ನೋಡುತ್ತಿದ್ದರು, ಆದರೆ ಕಣ್ಣಿನಿಂದ ಮಾತ್ರ. ಒಂದು ಕತ್ತೂ ತಿರುಗಲಿಲ್ಲ. ಮಾಯಾಂಡಿಯ ತುಟಿಯೂ ಕದಲದೆ ಹಲ್ಲಿನ ಸಂದಿಯಿಂದ ಮಾತು ಬಂತು. "ಲೇಯ್... ಎಲ್ಲಿಗೆ... ಆಚೆ... ಹೋಗೋ..."

ಅಪ್ಪನ ಎಡಗಡೆ ನಿಲ್ಲಲು ಜಾಗವಿರಲಿಲ್ಲ. ಅಮ್ಮ ಕುರ್ಚಿಯ ಕಾಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ನಾನು ಅವಳ ಹಿಂದೆ ತೂರಿ ನಿಂತೆ. ದೀಪ ಬೇಗ ಬೇಗ ಮಿಣುಕತೊಡಗಿತು.

ಆಗ ಪೆರಿಯಮ್ಮ, ಮುಖ ನೇರವಾಗಿ ಇಟ್ಟುಕೊಂಡೇ, ಅಂದಳು. "ತವಮಣಿ, ಸೆರಗು ಸರಿ ಮಾಡ್ಕೋ."

ಬೆಳಕು ಹೊಡೆಯಿತು.

ಮಾಯಾಂಡಿ ಎರಡೇ ಹೆಜ್ಜೆಗೆ ಬಂದು ನನ್ನ ಕಾಲರು ಹಿಡಿದ. "ತೆಗಿಯೋ ರೋಲು! ತೆಗಿ ಅಂದೆ!"

"ಮುಚ್ಚಳ ತೆಗೆದ್ರೆ ಬಿಸಿಲು ಬಿದ್ದು ಮೊದಲ್ನೇದೂ ಹೋಗುತ್ತೆ ಮಾಮ. ಎರಡೂ ಒಂದೇ ರೀಲು."

"ಆ ಒಂದನ್ನ ಮಾತ್ರ ತೆಗಿ."

"ಅದೇನು ಬಾಳೆಹಣ್ಣಾ ಮಾಮ, ಚಿಪ್ಪಿಂದ ಒಂದು ಕೀಳೋಕೆ?"

ಅವನು ಕೈ ಎತ್ತಿದ. ಪೆರಿಯಮ್ಮ ಕುರ್ಚಿಯಿಂದಲೇ ಕರೆದಳು. "ಮಾಯಾಂಡಿ, ಅಲ್ಲಿ ಏನು ಆಟ? ಅವರನ್ನ ಇಳಿಸಿ ಮಲಗ್ಸು ಮೊದ್ಲು. ಎಷ್ಟೊತ್ತು ಅಂತ ಕೂರ್ತಾರೆ, ಸೊಂಟ ನೋಯಲ್ವಾ?"

ಎತ್ತಿದ ಕೈಯನ್ನು ಅವನು ಟವಲು ಬಿಚ್ಚಲು ಬಳಸಿದ.

ರೋಲು ಮುಗಿಯದೆ ತೊಳೆಸುವವರು ನಮ್ಮಲ್ಲಿಲ್ಲ. ಇನ್ನೂ ಮೂವತ್ತು ಉಳಿದಿತ್ತು. ಸೂತಕ ಕಳೆದು, ಒಂದು ಕಿವಿ ಚುಚ್ಚುವುದು, ಒಂದು ಹರಕೆಯ ಕುರಿ ಊಟ ಬಂದು ಹೋಗುವಷ್ಟರಲ್ಲಿ ತಿಂಗಳಾಯಿತು. ಅಷ್ಟೂ ದಿನ ಅಪ್ಪ ನಮ್ಮ ಕಪಾಟಿನಲ್ಲಿ, ಕ್ಯಾಮರಾದೊಳಗೆ ಇದ್ದರು. ಒಂದೇ ಸಮನೆ ಅಷ್ಟು ದಿನ ಅವರು ನಮ್ಮ ಮನೆಯಲ್ಲಿ ಇದ್ದದ್ದು ಅದೇ ಮೊದಲು. ಅಮ್ಮ ಬೆಳಿಗ್ಗೆ ಕಪಾಟಿನ ಬಾಗಿಲು ಒರೆಸುತ್ತಿದ್ದಳು. ಒಳಗೆ ಕೈ ಹಾಕುತ್ತಿರಲಿಲ್ಲ. "ಬಂದಿರುತ್ತೆ ಅಲ್ವಾ?" ಅಂತ ದಿನಕ್ಕೊಂದು ಸಲ ಕೇಳುತ್ತಿದ್ದಳು.

ಪ್ರಿಂಟು ಬಂದವು. ಮೊದಲನೆಯದು ಎಲ್ಲರ ಮನೆಯ ಫೋಟೋ ಇರುವ ಹಾಗೇ ಇತ್ತು. ಎರಡನೆಯದನ್ನು ಅಂಗಡಿಯವನು ನನಗೆ ಕೊಡುವಾಗ, "ತಂಬಿ, ಇದು ಕೆಟ್ಟೋಗಿದೆ, ದುಡ್ಡು ಬೇಡ" ಅಂದ. ಸೀಟಿನ ಎತ್ತರದಿಂದ ಹೊಡೆದ ಫೋಟೋ. ಕೂತವರಿಗೆ ಮಾತ್ರ ತಲೆ ಇತ್ತು. ಕುರ್ಚಿಯಲ್ಲಿ ಅಪ್ಪ, ಬಲಕ್ಕೆ ಪೆರಿಯಮ್ಮ, ಎಡಕ್ಕೆ ನೆಲದ ಮೇಲೆ ಸೆರಗಿಗೆ ಕೈ ಹಾಕಿದ ಅಮ್ಮ. ಅವರ ಹಿಂದೆ ಒಂದು ಸಾಲು ಹೊಟ್ಟೆಗಳು, ಅಂಗಿಗಳು, ಎದೆಗೆ ಅವುಚಿಕೊಂಡ ಒಂದು ಮಗುವಿನ ಕಾಲುಗಳು. ಎದೆಯಿಂದ ಮೇಲೆ ಯಾರೂ ಇರಲಿಲ್ಲ. ನನ್ನದೂ ಒಂದು ಅಂಗಿ ಇತ್ತು, ಗುಂಡಿ ಕಿತ್ತುಹೋದದ್ದು.

ಮಾಯಾಂಡಿ ಶೆಡ್ಡಿಗೆ ಬಂದ. ಮೊದಲನೆಯದನ್ನು ಜೇಬಿಗೆ ಹಾಕಿಕೊಂಡು, "ಇನ್ನೊಂದೆಲ್ಲಿ? ಕೊಡು, ಹರೀಬೇಕು" ಅಂದ. ತೋರಿಸಿದೆ. ಕೈಯಲ್ಲಿ ಹಿಡಿದು ಎಡದಿಂದ ಬಲಕ್ಕೆ ತನ್ನ ಮುಖ ಹುಡುಕಿದ. ಬಲದಿಂದ ಎಡಕ್ಕೆ ಮತ್ತೊಮ್ಮೆ ಹುಡುಕಿದ.

"ನಾನು ಇದ್ರಲ್ಲಿ ಇಲ್ವಲ್ಲೋ."

"ಇಲ್ಲ ಮಾಮ."

"ಹಾಗಿದ್ರೆ ಇದು ಫೋಟೋನೇ ಅಲ್ಲ. ಇಟ್ಕೋ," ಅಂತ ಕೊಟ್ಟು ಹೋದ.

ಅಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ತಲೆಯಿಲ್ಲದವರನ್ನು ಒಬ್ಬೊಬ್ಬರನ್ನೇ ಹೊಟ್ಟೆಯಿಂದ ಗುರುತು ಹಿಡಿದಳು. ನಾನು ಕತ್ತರಿ ತಂದೆ.

"ಏನಕ್ಕೋ?"

"ಈ ಕಡೆ ಪೆರಿಯಮ್ಮನ್ನ, ಮೇಲೆ ಈ ಹೊಟ್ಟೆಗಳನ್ನ ಕತ್ತರಿಸಿಬಿಡ್ತೀನಿ. ಅಪ್ಪ, ನೀನು, ಇಬ್ರೇ ಉಳೀತೀರ. ಫ್ರೇಮು ಹಾಕ್ಸೋಣ."

"ಮುಟ್ಬೇಡ," ಅಂದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ನನಗೆ ನೆನಪಿಲ್ಲ. "ಕತ್ತರಿಸಿದ್ರೆ ಯಾರಿಗೂ ಹೇಳದೆ ಕದ್ದು ಹೊಡೆಸ್ಕೊಂಡ ಹಾಗಿರುತ್ತೆ. ಅಕ್ಕ ಇದಾರೆ, ಮನೆಮಂದಿಯೆಲ್ಲ ಹಿಂದೆ ನಿಂತಿದಾರೆ. ಅವರೆಲ್ಲರ ಎದುರಿಗೆ ಕೂತಿದೀನಿ ನಾನು. ನೋಡಿದೋರಿಗೆ ಅದು ಕಾಣ್ಬೇಕು."

ಕ್ಯಾಲೆಂಡರ್ ಇಳಿಸಿ ಅದೇ ಮೊಳೆಗೆ ಫೋಟೋ ಸಿಕ್ಕಿಸಿದಳು. ಸೊಟ್ಟಗಿದೆಯೇ ಅಂತ ಹಿಂದೆ ಸರಿದು ನೋಡಿದಳು.

"ಇನ್ನೊಂದು ಕಾಪಿ ಮಾಡ್ಸು," ಅಂದಳು. "ಅಕ್ಕಂಗೆ ಕೊಟ್ಟು ಬಾ."

"ಅವರ ಹತ್ರ ಒಳ್ಳೇದೇ ಒಂದಿದೆಯಲ್ಲಮ್ಮಾ, ಎಲ್ಲರ ತಲೆ ಇರೋದು."

"ಅದ್ರಲ್ಲಿ ನಾನಿಲ್ವಲ್ಲ," ಅಂದಳು ಅಮ್ಮ.