ಎರಡು ಬಾರಿ ಬಿದ್ದ ಕಟ್ಟಡ

ತೊಂಬತ್ತಾರನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ, ಠಾಣೆ ಶಹರದ ಪಕ್ಕದ ಕಳವಾ ಎಂಬಲ್ಲಿ ಗುಡ್ಡದ ಬುಡಕ್ಕೆ ಕಟ್ಟುತ್ತಿದ್ದ ನಾಲ್ಕು ಮಾಳಿಗೆಯ ಕಟ್ಟಡವೊಂದು ಕುಸಿದು ಬಿತ್ತು. ಅದೇ ಗುಡ್ಡದ ಆಚೆಗೆ, ಮಹಾಪೆಯಲ್ಲಿ, ವನಮಾಲಾ ಆಗ ಊಟಕ್ಕೆ ಕೂತಿದ್ದಳು. ಸುದ್ದಿ ಅವಳಿಗೆ ತಿಳಿದದ್ದು ಸಂಜೆ, ಶೀಳ್ ಫಾಟಾ ಮೂಲಕ ಡೊಂಬಿವಲಿಯ ಮನೆಗೆ ಹೋಗುವ ಬಸ್ಸಿನಲ್ಲಿ.

ವನಮಾಲಾ ಉಡುಪಿ ಕಡೆಯವಳು. ಮಹಾಪೆಯ ಖಾಸಗಿ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಕೆಲಸ. ಗುಡ್ಡದ ಕಲ್ಲುಕ್ವಾರಿಗಳಲ್ಲಿ ಮದ್ದು ಸಿಡಿಸಿದಾಗ ನೆಲ ಎಷ್ಟು ನಡುಗುತ್ತದೆಂದು ಅಳೆಯಲು ಅಲ್ಲೊಂದು ಕಂಪನಮಾಪಕವಿತ್ತು. ತಿರುಗುವ ಡ್ರಮ್ಮಿಗೆ ಸುತ್ತಿದ ಕಾಗದದ ಮೇಲೆ ಶಾಯಿಯ ಮುಳ್ಳು ಎಡೆಬಿಡದೆ ಗೆರೆ ಎಳೆಯುತ್ತಿತ್ತು; ನೆಲ ಅಲುಗಿದರೆ ಗೆರೆಯೂ ಅಲುಗುತ್ತಿತ್ತು. ಯಾವುದು ಲಾರಿಯ ನಡುಕ, ಯಾವುದು ಮದ್ದಿನದು, ಯಾವುದು ದೂರದ ಭೂಕಂಪದ್ದು ಎಂದು ನೋಡಿ ಗುರುತು ಹಾಕುವುದು ಅವಳ ಪಾಲಿನ ಕೆಲಸ.

ಕಿಲ್ಲಾರಿಯ ಭೂಕಂಪವಾಗಿ ಮೂರು ವರ್ಷವಾಗಿತ್ತು. ಎಲ್ಲಿ ಗೋಡೆ ಬಿದ್ದರೂ ಜನ ನೆಲ ನಡುಗಿತು ಎನ್ನುತ್ತಿದ್ದರು. ಬಿದ್ದ ಕಟ್ಟಡದ ಗುತ್ತಿಗೆದಾರನೂ ಹಾಗೇ ಹೇಳಿದ್ದರಿಂದ, ಠಾಣೆ ಶಹರದ ಕಚೇರಿಯಲ್ಲಿ ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಪ್ರಯೋಗಾಲಯದಿಂದ ಆ ದಿನದ ಕಾಗದದ ವರದಿ ಕೇಳಿದರು. ಅಂದು ಭೂಕಂಪವಾಗಿಲ್ಲ, ಮಧ್ಯಾಹ್ನ ಕ್ವಾರಿಯಲ್ಲೊಂದು ಸಿಡಿತ, ಆಮೇಲೆ ಕಟ್ಟಡದ ಕುಸಿತ ಎಂದು ವನಮಾಲಾ ವರದಿ ಕೊಟ್ಟಳು. ಗುತ್ತಿಗೆದಾರನ ವಕೀಲ ಅದನ್ನೇ ಹಿಡಿದುಕೊಂಡ. ಕ್ವಾರಿಯ ಸಿಡಿತಕ್ಕೆ ಕಂಬ ಸಡಿಲಾಗಿ ಇಡೀ ಕಟ್ಟಡ ಒಮ್ಮೆಲೇ ಬಿತ್ತು, ಯಾರನ್ನೂ ಉಳಿಸಲು ಸಮಯವೇ ಇರಲಿಲ್ಲ ಎಂದು ವಾದಿಸಿದ.

ಬದುಕುಳಿದ ಕೂಲಿ ಹೆಂಗಸು ಸಾಬವ್ವ ಹೇಳಿಕೆ ಕೊಡಬೇಕಾದ ದಿನ ದುಭಾಷಿ ಬರಲಿಲ್ಲ. ವರದಿಯ ಸಲುವಾಗಿ ಬಂದಿದ್ದ ವನಮಾಲಾಳಿಗೆ ಕನ್ನಡ ಬರುತ್ತದೆಂದು ತಿಳಿದು ಅಧಿಕಾರಿ ಅವಳನ್ನೇ ಕೂರಿಸಿದರು. ಸಾಬವ್ವ ಗುಲಬರ್ಗಾ ಕಡೆಯ ಹೆಂಗಸು. ಆ ಕಟ್ಟಡದಲ್ಲಿ ಉಸುಕು ಹೊರುತ್ತಿದ್ದಳು. ಅವಳ ಗಂಡ ಯಂಕಪ್ಪ ಅಲ್ಲೇ ಸತ್ತಿದ್ದ. ಯಂಕಪ್ಪನ ಅಣ್ಣ ರೇವಣಸಿದ್ದ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವವನು, ಮನೆಯೂ ಅಲ್ಲೇ. ಅವನೂ ಬಂದಿದ್ದ, ಆದರೆ ದೂರದ ಬೆಂಚಿನ ಮೇಲೆ ಮುಖ ತಿರುಗಿಸಿ ಕೂತಿದ್ದ.

ಸಾಬವ್ವ ತಗ್ಗಿದ ದನಿಯಲ್ಲಿ ಹೇಳಿದಳು: "ಎರಡ ಸಲ ಬಿತ್ರಿ. ಮೊದಲ ಹಿಂದಿನ ಸ್ಲ್ಯಾಬ್ ಬಿತ್ತು. ನಾವಿಬ್ಬರೂ ಹೊರಗ ಬಂದಿವಿ. ಗುರುವಪ್ಪ ಕಾಕಾ ಒಳಗ ಸಿಕ್ಕೊಂಡು ಒದರಾಕತ್ತಿದ್ದ. ಸೂಪರ್‌ವೈಜರ್ ಗೇಟ್ ಹಾಕಿಸಿ, ಯಾರಿಗೂ ಹೇಳಬ್ಯಾಡ್ರಿ ಅಂದ. ಬಂಬಿನವರನ್ನ ಕರೀಲಿಲ್ಲ. ಆಮ್ಯಾಲ ನಮ್ಮ ಮನಿಯವ್ರು ಒಳಗ ಹೋದ್ರು. ಆಗ ಎಲ್ಲಾ ಬಿತ್ತು."

ವನಮಾಲಾ ಅದನ್ನು ಮರಾಠಿಯಲ್ಲಿ ಹೇಳಿದಳು. ಅಗ್ನಿಶಾಮಕ ದಳವನ್ನು ಕರೆಯಲಿಲ್ಲ ಎಂಬ ಮಾತಿಗೆ ಅಧಿಕಾರಿ ತಲೆ ಎತ್ತಿದರು. ವಕೀಲ ಎದ್ದು, ಹೆಂಗಸು ಗಾಬರಿಯಲ್ಲಿ ಕಲಸಿಕೊಂಡಿದ್ದಾಳೆ, ಮೊದಲು ಕೇಳಿದ್ದು ಕ್ವಾರಿಯ ಸದ್ದು, ಈ ಮೇಡಂ ಕೊಟ್ಟ ವರದಿಯಲ್ಲೇ ಇದೆಯಲ್ಲ ಎಂದ. ಆ ಮಾತನ್ನು ಸಾಬವ್ವನಿಗೆ ವನಮಾಲಾಳೇ ಕನ್ನಡದಲ್ಲಿ ಹೇಳಬೇಕಾಯಿತು.

"ಮದ್ದಿನ ಸಪ್ಪಳ ನಾವು ದಿನಾ ಕೇಳಿವಿರಿ," ಎಂದಳು ಸಾಬವ್ವ. "ಅದು ಹಂಗಿರಲಿಲ್ಲ. ಆ ವರದಿ ಯಾರು ಬರದಾರ?"

"ನಾನೇ," ಎಂದಳು ವನಮಾಲಾ.

ಸಾಬವ್ವ ಅವಳನ್ನು ಒಂದು ಗಳಿಗೆ ನೋಡಿದಳು.

ಹೊರಗೆ ಜಗಲಿಯಲ್ಲಿ ರೇವಣಸಿದ್ದ ವನಮಾಲಾಳ ಬಳಿ ಬಂದು, ಸಾಬವ್ವನ ಮಾತು ನಂಬಬೇಡಿ ಎಂದ. ತಮ್ಮನನ್ನು ಒಳಗೆ ಬಿಟ್ಟು ಇವಳು ತನ್ನ ಜೀವ ಉಳಿಸಿಕೊಂಡು ಓಡಿದ್ದಾಳೆ, ಈಗ ಎರಡು ಸಲ ಬಿತ್ತೆಂದು ಕಥೆ ಕಟ್ಟುತ್ತಿದ್ದಾಳೆ ಎಂಬುದು ಅವನ ನಂಬಿಕೆ. ಮಣ್ಣು ಮಾಡಿದ ದಿನದಿಂದ ಅವನು ಅವಳನ್ನು ತನ್ನ ಮನೆಗೆ ಸೇರಿಸಿರಲಿಲ್ಲ. ಕಳವಾದಲ್ಲಿ, ಚಾಳೊಂದರ ಕೋಣೆಯಲ್ಲಿ ಸಾಬವ್ವ ಒಬ್ಬಳೇ ಇದ್ದಳು.

ಮರುದಿನ ವನಮಾಲಾ ಕುಸಿತದ ದಿನದ ಕಾಗದದ ಪಕ್ಕದಲ್ಲಿ ಹಿಂದಿನ ತಿಂಗಳ ಕಾಗದಗಳನ್ನೆಲ್ಲ ಹರಡಿಕೊಂಡು ಕೂತಳು. ಕ್ವಾರಿಯ ಸಿಡಿತಗಳು ಒಂದೇ ಬಗೆಯವು: ಗೆರೆ ತಟ್ಟನೆ ಚಿಮ್ಮಿ ಬೇಗ ಅಡಗುತ್ತಿತ್ತು. ಅಂದು ಮಧ್ಯಾಹ್ನ ಕ್ವಾರಿಯದೆಂದು ಗುರುತು ಹಾಕಿದ್ದ ನಡುಕಕ್ಕೆ ಅಂಥ ಚೂಪಾದ ಆರಂಭವಿರಲಿಲ್ಲ. ಅದು ಮೆಲ್ಲಗೆ ಎದ್ದು, ಹಿಗ್ಗಿ, ಬಹಳ ಹೊತ್ತು ತೂಗಾಡಿ ನಿಂತಿತ್ತು. ಆಮೇಲಿನ ದೊಡ್ಡ ಕುಸಿತವೂ ಹಾಗೆಯೇ ಇತ್ತು. ಇದು ಅದಕ್ಕಿಂತ ಚಿಕ್ಕದು, ಅಷ್ಟೇ. ದಿನವೂ ಅದೇ ಹೊತ್ತಿಗೆ ಸಿಡಿತ ಇರುತ್ತಿದ್ದುದರಿಂದ ಅವಳು ಸರಿಯಾಗಿ ನೋಡದೆ ಕ್ವಾರಿ ಎಂದು ಬರೆದಿದ್ದಳು. ಫೋನು ಮಾಡಿ ಕೇಳಿದರೆ, ಗುಂಡಿಯಲ್ಲಿ ಮಳೆನೀರು ತುಂಬಿದ್ದರಿಂದ ಆ ವಾರ ಮದ್ದೇ ಇಟ್ಟಿರಲಿಲ್ಲ ಎಂದರು ಕ್ವಾರಿಯವರು. ಅವಳು ಕಾಗದಗಳನ್ನು ಎತ್ತಿಕೊಂಡು ಮೇಲಧಿಕಾರಿಯ ಕೋಣೆಗೆ ಹೋದಳು.

ಕೊಟ್ಟ ವರದಿಯನ್ನು ಬದಲಿಸಿದರೆ ಪ್ರಯೋಗಾಲಯದ ಹೆಸರು ಹಾಳಾಗುತ್ತದೆ ಎಂದರು ಮೇಲಿನ ಸಾಹೇಬರು. ಯಾರೂ ಮತ್ತೆ ಕೇಳಿಲ್ಲವಲ್ಲ, ಸುಮ್ಮನಿರು ಎಂದೂ ಹೇಳಿದರು. ಆ ಹೆಂಗಸು ನನ್ನನ್ನು ಕೇಳಿದ್ದಾಳೆ ಎಂದು ವನಮಾಲಾ ಉತ್ತರಿಸಿ, ರಜೆ ಹಾಕಿ, ಕಾಗದಗಳ ಸುರುಳಿ ಹಿಡಿದು ಠಾಣೆಗೆ ಹೋದಳು.

ಮುಂದಿನ ವಿಚಾರಣೆಯಲ್ಲಿ ಅವಳು ಎದ್ದು ನಿಂತು, ನಾನು ಓದಿದ್ದು ತಪ್ಪು, ಕಟ್ಟಡ ಎರಡು ಸಲ ಬಿದ್ದಿದೆ, ನಡುವೆ ಹೆಚ್ಚುಕಡಿಮೆ ಇಪ್ಪತ್ತು ನಿಮಿಷವಿತ್ತು ಎಂದಳು. ನಿಮ್ಮ ಭಾಷೆಯವಳೆಂದು ಮರುಗಿ ಹೀಗೆ ಹೇಳುತ್ತೀರಾ ಎಂದು ವಕೀಲ ಕೇಳಿದ. ಅವಳು ಕಾಗದಗಳನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಅಧಿಕಾರಿ ಕನ್ನಡಕ ತೆಗೆದು, ಬಗ್ಗಿ, ಒಂದೊಂದನ್ನೇ ನೋಡಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವರಿಗೂ ವ್ಯತ್ಯಾಸ ಕಂಡಿತ್ತು. ಇಪ್ಪತ್ತು ನಿಮಿಷ ಗೇಟು ಮುಚ್ಚಿ ಏನು ಮಾಡುತ್ತಿದ್ದಿರಿ ಎಂದು ಅವರು ಗುತ್ತಿಗೆದಾರನನ್ನು ಕೇಳಿದರು.

ವನಮಾಲಾ, ಸಾಬವ್ವ ಇಬ್ಬರೂ ಹೊರಗೆ ಬಂದಾಗ ರೇವಣಸಿದ್ದ ಗೋಡೆಗೆ ಆತು ನಿಂತಿದ್ದ. ಒಳಗಿನ ಮರಾಠಿ ಅವನಿಗೆ ಅರ್ಥವಾಗಿತ್ತು. ಆದರೂ ವನಮಾಲಾಳಿಂದ ಇನ್ನೊಮ್ಮೆ ಹೇಳಿಸಿಕೊಂಡ.

"ಹಂಗಾದ್ರ ನನ್ನ ತಮ್ಮ ಹೊರಗ ಬಂದಿದ್ನೇನ್ರಿ?"

"ಎರಡು ಸಲ ಬಿದ್ದದ್ದು ಮಾತ್ರ ಕಾಗದದಲ್ಲಿ ಉಂಟು," ಎಂದಳು ವನಮಾಲಾ. "ಯಾರು ಹೊರಗೆ ಬಂದ್ರು, ಯಾರು ಒಳಗೆ ಹೋದ್ರು ಅಂತ ಅದ್ರಲ್ಲಿ ಇಲ್ಲ. ಅದನ್ನು ಇವರನ್ನೇ ಕೇಳಿ."

ರೇವಣಸಿದ್ದ ಸಾಬವ್ವನ ಕಡೆ ತಿರುಗಿದ. ಇಷ್ಟು ದಿನಗಳಲ್ಲಿ ಮೊದಲ ಸಲ ಅವಳ ಜೊತೆ ಮಾತಾಡಿದ. "ಮತ್ತ ಯಾಕ ಒಳಗ ಹ್ವಾದ?"

"ಕಾಕಾ ಒದರೋದು ಬಿಟ್ಟು ಹೆಸರು ಹಿಡಿದು ಕರಿಯಾಕ ಹತ್ತಿದ್ದ," ಎಂದಳು ಸಾಬವ್ವ. "ಎಲ್ಲಾರ ಹೆಸರೂ ಕರದ. ಯಾರೂ ಹೋಗಲಿಲ್ಲ. ಇವರ ಹೆಸರು ಬಂತು. ನಾ ಅಂಗಿ ಹಿಡದೆ. ಬಿಡು, ಈಗ ಬರ್ತೀನಿ ಅಂದ್ರು."

ಗುರುವಪ್ಪನೇ ಅಣ್ಣ ತಮ್ಮ ಇಬ್ಬರನ್ನೂ ಊರಿನಿಂದ ಕರೆತಂದು ಕೆಲಸಕ್ಕೆ ಹಚ್ಚಿದವನು. ರೇವಣಸಿದ್ದ ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ತಮ್ಮ ಬದುಕಿ ಹೊರಗೆ ನಿಂತಿದ್ದನೆಂಬುದು ಅವನಿಗೆ ಸಮಾಧಾನವಾಯಿತೋ, ಇನ್ನಷ್ಟು ನೋವಾಯಿತೋ, ವನಮಾಲಾಳಿಗೆ ತಿಳಿಯಲಿಲ್ಲ.

ಗುತ್ತಿಗೆದಾರನ ಮೇಲೂ ಸೂಪರ್‌ವೈಜರನ ಮೇಲೂ ಮೊಕದ್ದಮೆಯಾಯಿತು; ಅದು ವರ್ಷಗಟ್ಟಲೆ ನಡೆಯಿತು. ಆದರೆ ಅಂದು ಮೂವರೂ ಠಾಣೆಯಿಂದ ಒಂದೇ ಸ್ಲೋ ಲೋಕಲ್ ರೈಲು ಹತ್ತಿದರು: ಮೊದಲು ಕಳವಾ, ಮುಂದೆ ಡೊಂಬಿವಲಿ, ಕೊನೆಗೆ ಕಲ್ಯಾಣ. ಮಧ್ಯಾಹ್ನದ ಗಾಡಿ, ಜನ ಕಡಿಮೆ. ಕಳವಾ ಬಂದಾಗ ಸಾಬವ್ವ ಚೀಲ ತೆಗೆದುಕೊಂಡು ಎದ್ದಳು.

"ಎಲ್ಲಿಗಿ ಹೊಂಟಿ?" ಎಂದ ರೇವಣಸಿದ್ದ. "ಕೂಡು. ಮನೀಗಿ ಹೋಗೂಣು."

ಅವಳು ನಿಂತೇ ಇದ್ದಳು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಗಾಡಿ ಹೊರಟ ಮೇಲೆ ಅವಳು ಕಿಟಕಿಯ ಪಕ್ಕ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.